ಅವ್ವನ ಅಂಗೈ ಕೆಳಗೆ

ನಾನು ರೊಟ್ಟಿ ಬಡಿಯುವ ಮಣೆ. ಬೆಟಗೇರಿಯ ಮೌನೇಶ ಬಡಿಗ ಒಂದು ಹಳೆಯ ಬಾಗಿಲನ್ನು ಸೀಳಿ ನನ್ನನ್ನು ಮಾಡಿದ. ಬಾಗಿಲಾಗಿದ್ದಾಗ ಬಡಿಸಿಕೊಂಡದ್ದು ಸಾಲಲಿಲ್ಲವೆಂದು ಕಾಣುತ್ತದೆ. ಅವನ ಹೆಂಡತಿ ಸ್ವಲ್ಪ ದಿನ ಬಳಸಿ, ಒಂದು ಸೀರೆಯ ಬದಲಿಗೆ ನನ್ನನ್ನು ನೇಕಾರ ರುದ್ರಪ್ಪನ ಹೆಂಡತಿ ಶಂಕ್ರವ್ವನಿಗೆ ಕೊಟ್ಟಳು.

ಶಂಕ್ರವ್ವನ ಕೈ ದೊಡ್ಡದು. ಸಿಟ್ಟು ಬಂದ ದಿನ ಅವಳು ಹಿಟ್ಟು ಬಡಿದರೆ ಓಣಿಯ ನಾಯಿಗಳೆಲ್ಲ ಗದಗ ಸ್ಟೇಷನ್ನಿಗೆ ಓಡಿ, ಮರುದಿನ ರೈಲಿನಲ್ಲಿ ವಾಪಸಾಗುತ್ತಿದ್ದವು. ನಂಬದಿದ್ದರೆ ನಾಯಿಗಳನ್ನೇ ಕೇಳಿ.

ಅವಳ ಮಗಳು ನಿಂಗವ್ವನಿಗೆ ಹತ್ತು ವರ್ಷ. ಅವಳಿಗೆ ಅವ್ವನ ಮುಖ ನೋಡುವ ಅಗತ್ಯವೇ ಇರಲಿಲ್ಲ, ಅಡಿಗೆಮನೆಯ ಹೊರಗೆ ನಿಂತು ನನ್ನ ಸದ್ದು ಕೇಳಿದರೆ ಸಾಕಿತ್ತು. ಸದ್ದು ಹದವಾಗಿದ್ದರೆ ಹೋಗಿ ಬೇಕಾದದ್ದು ಕೇಳಬಹುದು. ನಡುನಡುವೆ ನಿಂತರೆ ಅವ್ವ ಅಳುತ್ತಿದ್ದಾಳೆ. ಸಿಡಿಲಿನಂತೆ ಬಿದ್ದರೆ ಅಪ್ಪ ನಿನ್ನೆ ಕುಡಿದು ಬಂದು ಹೊಡೆದಿದ್ದಾನೆ.

ಅಂಥ ದಿನ ಅವಳು ಆರು ವರ್ಷದ ತಮ್ಮ ಕಾಡಪ್ಪನನ್ನು ಒಳಗೆ ಕಳಿಸುತ್ತಿದ್ದಳು.

"ಕಾಡ್ಯಾ, ಅವ್ವ ಇವತ್ತ ಭಾಳ ಖುಷಿ ಅದಾಳ. ಹೋಗಿ ಬೆಲ್ಲ ಕೇಳು."

"ಖರೇನ?"

"ನಿನ್ನಾಣಿ."

ಕಾಡಪ್ಪ ನಗುತ್ತಾ ಬರುತ್ತಿದ್ದ. ಹಿಟ್ಟು ಮೆತ್ತಿದ ಕೈ ನನ್ನನ್ನು ಬಿಟ್ಟು ಅವನ ಬೆನ್ನಿಗೆ ಹೋಗುತ್ತಿತ್ತು. ನನಗೂ ಅಷ್ಟು ಹೊತ್ತು ವಿಶ್ರಾಂತಿ, ಸುಳ್ಳು ಯಾಕೆ ಹೇಳಲಿ. ಸಿಟ್ಟು ಇಳಿದ ಮೇಲೆ ಅವ್ವ ಮೆತ್ತಗಾಗುತ್ತಿದ್ದಳು. ಆಗ ನಿಂಗವ್ವ ಬಂದು ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಸಿಕೊಂಡು ತಿನ್ನುತ್ತಿದ್ದಳು. ಅವಳ ಬೆನ್ನ ಮೇಲೆ ಒಂದು ಬರೆಯೂ ಇರಲಿಲ್ಲ.

ಒಂದು ಮುಂಜಾನೆ ಸದ್ದು ಎಂದೂ ಇಲ್ಲದಷ್ಟು ಹದವಾಗಿತ್ತು. ನಿಂಗವ್ವ ತಾನೇ ಒಳಗೆ ಬಂದಳು.

"ಅವ್ವಾ, ಸಾಲಿಯಿಂದ ಬಾದಾಮಿಗೆ ಹೊಂಟಾರ. ಹೋಗ್ಲಿ?"

"ಹೋಗವಾ."

ಹೊರಗಿನ ಕಿವಿಗೆ ತಿಳಿಯದ್ದು ನನಗೆ ತಿಳಿದಿತ್ತು. ಅವ್ವನ ಅಂಗೈ ಬಡಿಯುತ್ತಿದ್ದದ್ದು ದಾರಿಯ ಬುತ್ತಿಗೆ, ಇಬ್ಬರಿಗೆ ಸಾಲುವಷ್ಟು. ಆಗಲೇ ಹೇಳಬಹುದಿತ್ತಲ್ಲ ಎನ್ನಬೇಡಿ. ಬಾಯಿ ತುಂಬ ಹಿಟ್ಟಿತ್ತು.

ನಿಂಗವ್ವ ಅತ್ತ ಹೋದ ಮೇಲೆ ಶಂಕ್ರವ್ವ ಗಂಟು ಕಟ್ಟಿ, ಕಾಡಪ್ಪನ ಕೈ ಹಿಡಿದು, ಗಂಡನನ್ನು ಬಿಟ್ಟು ತವರಿಗೆ ಹೊರಟಳು. ನೆರೆಮನೆಯ ಪಾರಮ್ಮ ಅಡ್ಡ ಬಂದಳು.

"ಹುಡುಗೀನ್ನ ಬಿಟ್ಟ ಹೊಂಟಿ?"

"ಒಂದ ಕೂಸಷ್ಟ ಕರ್ಕೊಂಡ ಬಾ ಅಂದಾನ ನಮ್ಮಣ್ಣ. ಇವನ ಬೆನ್ನ ನೋಡ, ನಾನ ಹೊಡದದ್ದು. ಇವನ್ನ ಹೆಂಗ ಬಿಡ್ಲಿ? ಅಕಿ ಶಾಣ್ಯಾಕಿ. ಒಂದ ಏಟೂ ತಿಂದಿಲ್ಲ. ಹೆಂಗರ ಬದಕ್ತಾಳ."

ಮರುದಿನದಿಂದ ನನ್ನ ಮೇಲೆ ಪುಟ್ಟ ಅಂಗೈ ಬೀಳತೊಡಗಿತು. ನಿಂಗವ್ವ ಅಳಲಿಲ್ಲ. ಅವಳ ಬಡಿತ ದಿನವೂ ಒಂದೇ ತೆರ, ಹಬ್ಬಕ್ಕೂ ಅದೇ, ಜ್ವರಕ್ಕೂ ಅದೇ. ರುದ್ರಪ್ಪ ಹೊರಗೆ ನಿಂತು ಕೇಳಿ ಕೇಳಿ, ಏನೂ ಅರ್ಥವಾಗದೆ, ಹೆದರಿ ಕುಡಿತವನ್ನೇ ಬಿಟ್ಟ.

ಎಷ್ಟೋ ವರ್ಷಗಳಾದ ಮೇಲೆ ಶಂಕ್ರವ್ವ ಬಂದಳು. ಬಾಗಿಲಾಚೆ ನಿಂತು ಕಿವಿಗೊಟ್ಟಳು. ಸದ್ದು ಹದವಾಗಿತ್ತು. ಧೈರ್ಯ ಮಾಡಿ ಒಳಗೆ ಬಂದಳು.

"ನಿಂಗೂ, ಸಿಟ್ಟಿಲ್ಲಲಾ ನನ್ನ ಮ್ಯಾಲ?"

"ಯಾತರ ಸಿಟ್ಟು? ಕುಂದರ್ರಿ. ರೊಟ್ಟಿ ಬಿಸಿ ಅದಾವ. ಉಂಡು ಮೂರರ ಬಸ್ಸಿಗೆ ಹೋಗ್ರಿ."

ಶಂಕ್ರವ್ವ ತುತ್ತು ಬಾಯಿಗಿಟ್ಟು ಅಗಿಯುವುದನ್ನೇ ಮರೆತು ಕುಳಿತಳು. ನಿಂಗವ್ವನ ಕೈ ಒಂದು ಏಟೂ ತಪ್ಪಲಿಲ್ಲ. ಕೊನೆಯ ರೊಟ್ಟಿಗೆ ನಾನು ನಟ್ಟನಡುವೆ ಸೀಳಿಹೋದೆ.

ಈಗ ಮೂಲೆಯಲ್ಲಿ ನೀರಿನ ಕೊಡದ ಕೆಳಗೆ ತಂಪಾಗಿ ಬಿದ್ದಿದ್ದೇನೆ. ಮರ ಹಳೆಯದಾಗಿತ್ತು, ಅದಕ್ಕೇ ಒಡೆಯಿತು ಎನ್ನುತ್ತಾರೆ. ಅನ್ನಲಿ.