ಬಿಡಿಸಿಕೊಂಡ ಕೈ

ಸೊಕ್ಕೆ ಊರಿನ ಉಚ್ಚಂಗೆಪ್ಪನ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದಿಗಿಂತ ಅವನ ಕಿರಿಮಗಳು ಗಾದ್ರಮ್ಮನ ನಗುವೇ ಜೋರು. "ಹೆಣ್ಣಾದೋಳು ಹಿಂಗೆ ನಗಬಾರದು ಕಣೇ," ಎಂದು ಅಜ್ಜಿ ದುರುಗಕ್ಕ ಗದರುತ್ತಿದ್ದಳು. ಗದರಿ, ಬೆಣ್ಣೆ ಸವರಿದ ರೊಟ್ಟಿಯನ್ನು ಅವಳ ತಟ್ಟೆಗೇ ಹಾಕುತ್ತಿದ್ದಳು.

ಅಕ್ಕ ಬೊಮ್ಮಕ್ಕನೂ ಹಿಂದೆ ಹೀಗೇ ನಗುತ್ತಿದ್ದವಳು. ಸಂತೆಯಲ್ಲಿ ಯಾವನೋ ಒಬ್ಬ ನಾಲ್ಕು ಜನರೆದುರು ಅವಳ ಕೈ ಹಿಡಿದೆಳೆದ. ಪರಗಂಡಸು ಮುಟ್ಟಿದ ಹೆಣ್ಣನ್ನು ಬೇರೆ ಯಾರೂ ಕೇಳುವುದಿಲ್ಲ, ಹಿಡಿದವನಿಗೇ ಕೊಟ್ಟುಬಿಡಬೇಕು ಎಂಬುದು ಅವರ ಬಳಗದ ಪದ್ಧತಿ. ಕೊಟ್ಟರು. ತಪ್ಪು ಮಾಡಿದವನಿಗೆ ಮದುವೆಯೂಟ, ಅವಳಿಗೆ ದಿನವೂ ಅವನ ಏಟು. ಈಗ ಬೊಮ್ಮಕ್ಕ ತವರಿಗೆ ಬಂದರೆ ಗೋಡೆಗೊರಗಿ ಕೂರುತ್ತಾಳೆ. ಯಾರಾದರೂ ಕೆಮ್ಮಿದರೂ ಬೆಚ್ಚುತ್ತಾಳೆ.

ಮಹಾಯುದ್ಧ ನಡೆಯುತ್ತಿದ್ದ ಒಂದು ವರ್ಷ ಉಚ್ಚಂಗೆಪ್ಪನ ತಂಗಿ ಸಾವಂತ್ರಮ್ಮ ಹೊನ್ನಾಳಿಯಿಂದ ಬಂದಳು. ಸ್ವಯಂಸೇವಕಿಯರ ಶಿಬಿರದಲ್ಲಿ ಕವಾಯತು, ಆತ್ಮರಕ್ಷಣೆ ಕಲಿತಿದ್ದ, ಖಾದಿ ಉಡುವ ಹೆಂಗಸು. ಅವಳು ನೋಡುತ್ತಿದ್ದಂತೆಯೇ ರೊಟ್ಟಿ ಮಗುಚುತ್ತಿದ್ದ ಗಾದ್ರಮ್ಮನ ಬೆರಳು ಕಾದ ಹಂಚಿಗೆ ತಾಗಿ, ಕೈ ಸರಕ್ಕನೆ ಹಿಂದೆ ಬಂತು.

"ಈಗ ಕೈ ಎಳಕಂಡ್ಯಲ್ಲ, ಯಾರು ಕಲಿಸಿದ್ರು?"

"ಯಾರು ಕಲಿಸ್ತಾರತ್ತೆ? ತಾನೇ ಬಂತು."

"ನೋಡು, ತನ್ನನ್ನ ತಾನು ಕಾಯ್ಕಳಾಕೆ ಮೈಗೆ ಗೊತ್ತೈತೆ. ಸುಮ್ಕಿರು, ತಲೆ ತಗ್ಗಿಸು ಅಂತ ಹೇಳಿ ಹೇಳಿ ನಾವೇ ಅದನ್ನ ಮರೆಸೀವಿ."

ಅಂದೇ ಹಿತ್ತಲಲ್ಲಿ ಪಾಠ ಶುರುವಾಯಿತು. ಪಕ್ಕದ ಮನೆಯ ಬಡೇಸಾಬನ ಮಗಳು ಸುಗ್ರಾ ಕೂಡ ಬಂದಳು. ಯಾರಾದರೂ ಹಿಡಿದರೆ ಹಂಚು ಸುಟ್ಟಹಾಗೆ ಕೈ ಎಳೆದುಕೋ, ಆದರೆ ಅವನ ಹೆಬ್ಬೆರಳಿನ ಕಡೆಗೆ. ಹಿಡಿತ ಬಿಡುವುದು ಅಲ್ಲೇ. ಬೆಚ್ಚಿದಾಗ ಕೈಗಳು ತಾವೇ ಮುಖದ ಮುಂದೆ ಏಳುತ್ತವೆ, ಎದ್ದ ಕೈಯಿಂದಲೇ ನೂಕು. ಬಾಯಿಗೆ ಬಂದ ಕೂಗು ನುಂಗಬೇಡ. ಹುಡುಗಿಯರು ಒಬ್ಬರನ್ನೊಬ್ಬರು ನೂಕಿ ಹುಲ್ಲಿನ ಮೇಲೆ ಬಿದ್ದು ಹೊಟ್ಟೆ ಹಿಡಿದು ನಕ್ಕರು.

"ಗರಡಿ ಆಯ್ತು ನನ್ನ ಮನೆ! ನಾಳೆ ಇವಳನ್ನ ಯಾರು ಮದ್ವೆ ಆಗ್ತಾರೆ?" ಎಂದಳು ದುರುಗಕ್ಕ.

"ಕೇಳಿ ಕೈ ಹಿಡಿಯೋನು ಆಗ್ತಾನೆ ಬಿಡವ್ವ," ಎಂದಳು ಸಾವಂತ್ರಮ್ಮ.

ಊರಿನಲ್ಲಿ ದಾಸಪ್ಪನೆಂಬ ನಡುವಯಸ್ಸಿನವನಿದ್ದ. ಗಾದ್ರಮ್ಮನನ್ನು ತನಗೆ ಕೊಡಿ ಎಂದು ಕೇಳಿದ್ದ, ಉಚ್ಚಂಗೆಪ್ಪ ಒಪ್ಪಿರಲಿಲ್ಲ. ಕೇಳಿ ಸಿಗದ್ದನ್ನು ಹಿಡಿದು ಪಡೆಯಬಹುದೆಂದು, ಒಂದು ಬೆಳಿಗ್ಗೆ ಹೆಂಗಸರೆಲ್ಲ ನೋಡುತ್ತಿರುವಾಗಲೇ ಬಾವಿಯ ಹತ್ತಿರ ಅವಳ ಮುಂಗೈ ಹಿಡಿದ.

ಯೋಚಿಸಲು ಹೊತ್ತೆಲ್ಲಿ? ಊರೇ ತಿರುಗಿ ನೋಡುವಂತೆ ಅವಳು ಕೂಗಿದಳು, ಕೈ ಹೆಬ್ಬೆರಳಿನ ಕಡೆಯಿಂದ ಹೊರಬಂತು, ಎರಡೂ ಅಂಗೈ ಅವನ ಎದೆಗೆ ಬಡಿದವು. ದಾಸಪ್ಪ ದನದ ನೀರಿನ ತೊಟ್ಟಿಯೊಳಗೆ ಕೂತಿದ್ದ. ರುಮಾಲು ತೇಲುತ್ತಿತ್ತು. ಬಾವಿಕಟ್ಟೆಯ ಹೆಂಗಸರು ಕೊಡ ಇಳಿಸಿ ನಕ್ಕರು.

ಬಳಗದ ಹಿರಿಯರು ಸೇರಿದ ಚಾವಡಿಯಲ್ಲಿ ಮಾತ್ರ ಯಾರೂ ನಗಲಿಲ್ಲ. "ಹಿಡಿದದ್ದಂತೂ ಹೌದಲ್ಲ," ಎಂದರು ಹಿರಿಯ ಮಾರಪ್ಪ. "ಪದ್ಧತಿ ಮೀರಾಕೆ ಬರಲ್ಲ ಉಚ್ಚಂಗೆಪ್ಪ, ಕೊಟ್ಬಿಡು."

ಅಪ್ಪ ನೆಲ ನೋಡುತ್ತಿದ್ದ. ಗಾದ್ರಮ್ಮ ಮುಂದೆ ಬಂದಳು.

"ನಾನು ಒಲ್ಲೆ ಅಜ್ಜಾರೇ. ಕಳ್ಳ ಬಂದು ನಿಮ್ಮ ಎತ್ತಿನ ಹಗ್ಗ ಹಿಡಿದ್ರೆ, ಎತ್ತು ಅವನಿಗೇ ಕೊಡ್ತೀರಾ?"

ಉಚ್ಚಂಗೆಪ್ಪ ಎದ್ದು ನಿಂತ. "ಒಬ್ಬ ಮಗಳನ್ನ ಕೊಟ್ಟು ನೋಡೀನಿ. ಇವಳನ್ನ ಕೊಡಲ್ಲ. ಅವಳನ್ನೂ ಈಗ್ಲೇ ಹೋಗಿ ಕರಕಂಡು ಬರ್ತೀನಿ," ಎಂದು ಅಲ್ಲಿಂದಲೇ ಗಾಡಿ ಹೂಡಿಸಿದ.

ಮರುದಿನ ಹಿತ್ತಲ ತುಂಬ ಹುಡುಗಿಯರು. ಬೊಮ್ಮಕ್ಕನೂ ಅವರ ನಡುವೆ ನಿಂತಿದ್ದಳು. ದುರುಗಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು, ಸುಕ್ಕುಗಟ್ಟಿದ ಕೈಯನ್ನು ಗಾದ್ರಮ್ಮನ ಮುಂದೆ ಚಾಚಿದಳು.

"ಹಿಡಿ ನೋಡಾನ."

ಗಾದ್ರಮ್ಮ ಹಿಡಿದಳು. ಮುದುಕಿ ಒಂದೇ ಸೆಳೆತಕ್ಕೆ ಬಿಡಿಸಿಕೊಂಡು, ತನ್ನ ಕೈಯನ್ನೇ ತಿರುಗಿಸಿ ನೋಡಿದಳು.

"ನನ್ನ ಮದ್ವೆನೂ ಹಿಂಗೇ ಆಗಿದ್ದು ಕಣೇ," ಎಂದಳು. "ಹೂಂ, ಇನ್ನೊಂದ್ಸಲ ಹಿಡಿ. ಗಟ್ಟಿಯಾಗಿ ಹಿಡಿ."