ಮಾವನ ಫೈಬರ್ ಕಾರು

ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಮಾವ ಕಾರು ಕಟ್ಟಲು ಕೂತರು. ಗುಜರಿಗೆ ಹೋಗಬೇಕಿದ್ದ ಹಳೆಯ ಕಾರಿನ ಚಾಸಿ, ಎಂಜಿನ್ನು ಮನೆ ಪಕ್ಕದ ತಗಡಿನ ಶೆಡ್ಡಿಗೆ ಬಂದವು. ಮೇಲೆ ಕೂರಿಸುವ ಬಾಡಿಯನ್ನು ಫೈಬರಿನಲ್ಲಿ ಎರೆಯಲು ಅಚ್ಚುಗಳನ್ನು ತರಿಸಿದರು. ಕಬ್ಬಿಣದ ಕೆಲಸದಲ್ಲಿ ಪಳಗಿದ ಕೈ. ಫೈಬರ್ ಮಾತ್ರ ಹೊಸದು.

ಸೊಸೆಗೂ ಅದು ಹೊಸದೇ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. "ಬಟ್ಟೆ ಕತ್ತರಿಸೋಳಿಗೆ ಇದೇನು ಮಹಾ? ಬಾಮ್ಮ," ಎಂದು ಮಾವ ಕರೆದರು. ಅಚ್ಚಿಗೆ ಮೇಣ ತಿಕ್ಕುವುದು, ಗಾಜಿನ ನಾರಿನ ಹಾಳೆಯನ್ನು ತುಂಡು ಮಾಡಿ ಹಾಸುವುದು, ಬ್ರಷ್ಷಿನಿಂದ ಅದಕ್ಕೆ ರೆಸಿನ್ ಎಂಬ ಅಂಟುದ್ರವ ಕುಡಿಸುವುದು, ಒಳಗೆ ಸಿಕ್ಕಿಬಿದ್ದ ಗಾಳಿಯನ್ನು ರೋಲರ್ ಒತ್ತಿ ಹೊರಡಿಸುವುದು: ಇಬ್ಬರೂ ಕೆಡಿಸಿ ಕೆಡಿಸಿಯೇ ಕಲಿತರು. ಬಾಗಿದ ಕಡೆ ಹಾಳೆ ಮುದುಡಿದಾಗ ಅವಳು ರವಿಕೆಗೆ ತೋಳು ಕೂರಿಸುವಾಗ ಮಾಡುವಂತೆ ಅಂಚಿನಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟಳು. ಹಾಳೆ ಮೆತ್ತಗೆ ಕೂತಿತು.

"ಭೇಷ್! ಇನ್ನು ಕಾರಿಗೆ ಜೇಬು ಇಡೋದು ಮರೀಬೇಡ," ಎಂದು ಮಾವ ನಕ್ಕರು.

ಆದರೆ ಬಾಗಿಲಿನ ತುಂಡು ಗಟ್ಟಿಯಾಗಲೇ ಇಲ್ಲ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ರೆಸಿನ್ನಿಗೆ ಹಾರ್ಡನರ್ ಎಂಬ ದ್ರವವನ್ನು ಒಂದಿಷ್ಟು ಬೆರೆಸಿದರಷ್ಟೇ ಅದು ಬಿಗಿಯುತ್ತದೆ.

"ಹಾರ್ಡನರ್ ಹಾಕಿದ್ರಾ, ಮಾವ?"

"ನನಗೇ ಪಾಠ ಹೇಳ್ತೀಯಾ? ಅಂಗಡಿಯವನು ಟೋಪಿ ಹಾಕಿದ್ದಾನೆ."

ಅದೇ ಡಬ್ಬಿಯ ರೆಸಿನ್ ಹಿಂದಿನ ದಿನ ಕಲ್ಲಿನಂತಾಗಿತ್ತು. ಗಂಡ ದೂರದ ಊರುಗಳಿಗೆ ಬಸ್ ಓಡಿಸುವವನು. ಮಾವ ಹಾರ್ಡನರ್ ಮರೆತಿರಬೇಕೆಂದು ಅವಳು ಫೋನಿನಲ್ಲಿ ಹೇಳಿದಾಗ ಅವನು ತಮಾಷೆ ಮಾಡಿದ. "ಅಪ್ಪನ ತಲೆ ನಮ್ಮಿಬ್ಬರಿಗಿಂತ ಚುರುಕು. ರೆಸಿನ್ನಿನ ಆ ಕೆಟ್ಟ ವಾಸನೆ ನಿನ್ನ ತಲೆಗೇ ಏರಿರಬೇಕು."

ಮರುವಾರ ಅವಳು ಕಣ್ಣಾರೆ ಕಂಡಳು. ಮಾವ ಬಕೆಟ್ಟಿಗೆ ಹಾರ್ಡನರ್ ಸುರಿದರು, ಕಲಕಿದರು, ಬ್ರಷ್ ತರಲು ತಿರುಗಿದರು. ವಾಪಸ್ ಬಂದು ಮತ್ತೆ ಸುರಿದರು, ಮೊದಲಿಗಿಂತ ಧಾರಾಳವಾಗಿ.

"ಮಾವ, ಬೇಡ!"

ಹಾರ್ಡನರ್ ಅತಿಯಾಗಿ, ನೋಡನೋಡುತ್ತಲೇ ಬಕೆಟ್ ಬಿಸಿಯಾಗಿ ಹೊಗೆ ಬಿಟ್ಟಿತು. ಅವಳು ಕಬ್ಬಿಣದ ಸರಳಿನಿಂದ ಅದರ ಹಿಡಿಯನ್ನು ಸಿಕ್ಕಿಸಿ ದರದರನೆ ಅಂಗಳಕ್ಕೆ ಎಳೆದಳು. ರೆಸಿನ್ ಚಟಚಟನೆ ಬಿರಿಯುತ್ತಾ ಗಟ್ಟಿಯಾಯಿತು. ಪ್ಲಾಸ್ಟಿಕ್ ಬಕೆಟ್ ಕರಗಿ ಅದಕ್ಕೇ ಮೆತ್ತಿಕೊಂಡಿತು. ಮಾವ ಬಾಗಿಲಲ್ಲಿ ನಿಂತು ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು. ಆ ಮುಖದ ಭಯ ಬೆಂಕಿಯದಲ್ಲ ಎಂದು ಅವಳಿಗೆ ಗೊತ್ತಾಯಿತು.

"ನನ್ನ ಕೈತಪ್ಪು, ಮಾವ," ಎಂದಳು.

ಅಂದಿನಿಂದ ಹಾರ್ಡನರ್ ಅವಳ ಸುಪರ್ದಿಗೆ ಬಂತು. ಮಾವನನ್ನು ಡಾಕ್ಟರಿಗೆ ತೋರಿಸುವ ಮಾತನ್ನು ಅವಳು ಎತ್ತಿದಾಗಲೆಲ್ಲ ಗಂಡ, "ಕಾರು ಮುಗೀಲಿ, ನೋಡೋಣ," ಎನ್ನುತ್ತಿದ್ದ. ಅವಳೂ ಹೆಚ್ಚು ಒತ್ತಾಯಿಸಲಿಲ್ಲ. ಕೆಲಸ ಅವಳ ಕೈಗೆ ಹತ್ತಿತ್ತು. ಎಮರಿ ಕಾಗದದಿಂದ ಉಜ್ಜಿದ ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಅವಳಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಮಾವ ಒಮ್ಮೊಮ್ಮೆ ಶೆಡ್ಡಿಗೆ ಬಂದು, ಏತಕ್ಕೆ ಬಂದೆನೆಂದು ತಿಳಿಯದೆ ನಿಂತಿರುತ್ತಿದ್ದರು. ಅವಳು ಕಂಡೂ ಕಾಣದಂತೆ ಉಜ್ಜುತ್ತಿದ್ದಳು.

ಕಾರು ಮುಗಿಯಿತು. ಒಂದು ಬೆಳಿಗ್ಗೆ ಅವಳು ಎದ್ದಾಗ ಶೆಡ್ಡಿನ ಬಾಗಿಲು ಹಾರುಹೊಡೆದಿತ್ತು, ಒಳಗೆ ಕಾರಿರಲಿಲ್ಲ, ಮನೆಯಲ್ಲಿ ಮಾವನೂ ಇರಲಿಲ್ಲ.

ಎದುರುಮನೆಯವರನ್ನು ಕಾಡಿ ಬೇಡಿ ಅವರ ಬೈಕಿನಲ್ಲಿ ಕೂತು ಊರೆಲ್ಲ ಹುಡುಕಿದಳು. ಮಾವ ಸಿಕ್ಕಿದ್ದು ತಾವು ದುಡಿದಿದ್ದ, ಈಗ ಮುಚ್ಚಿಹೋದ ಫ್ಯಾಕ್ಟರಿಯ ಗೇಟಿನೆದುರು. ಎಂಜಿನ್ ಆರಿಸಿರಲಿಲ್ಲ.

"ಬೆಲ್ ಆಗಿ ಎಷ್ಟೊತ್ತಾಯ್ತು, ಗೇಟೇ ತೆಗೀತಿಲ್ಲ ನೋಡಮ್ಮ," ಎಂದರು.

ಮುಂಭಾಗದ ಎಡಮೂಲೆ ಒಡೆದು, ಬಿಳಿ ನಾರು ಹೊರಗೆ ಚಾಚಿತ್ತು. ಅದರಲ್ಲಿ ನೀಲಿ ಬಟ್ಟೆಯ ಚೂರೊಂದು ಸಿಕ್ಕಿಕೊಂಡಿತ್ತು.

"ಯಾವುದಕ್ಕೆ ತಾಗಿಸಿದ್ರಿ, ಮಾವ?"

ಅವರು ಇಳಿದು ಬಂದು ಬಾಗಿ, ಒಡಕಿನ ಮೇಲೆ ಬೆರಳಾಡಿಸಿದರು. "ಇಲ್ಲಿ ನಾರು ಸರಿಯಾಗಿ ರೆಸಿನ್ ಕುಡಿದಿಲ್ಲಮ್ಮ. ಒಣಗೇ ಉಳಿದಿದೆ."

ಅವಳು ಬೈಕಿನವರನ್ನು ಕಳಿಸಿ, ಗಂಡ ಕಲಿಸಿದ್ದ ಡ್ರೈವಿಂಗ್ ನೆಚ್ಚಿಕೊಂಡು, ಮಾವನನ್ನು ಪಕ್ಕಕ್ಕೆ ಕೂರಿಸಿ, ಅವರು ದಿನಾ ಕೆಲಸಕ್ಕೆ ಬರುತ್ತಿದ್ದ ದಾರಿಗೆ ಕಾರು ತಿರುಗಿಸಿದಳು. ರಸ್ತೆಯ ಎರಡೂ ಅಂಚು ನೋಡುತ್ತಾ ನಿಧಾನವಾಗಿ ಓಡಿಸಿದಳು. ಮೋರಿಯ ತಿರುವಿನಲ್ಲಿ ದಿನಪತ್ರಿಕೆಗಳು ಚೆಲ್ಲಾಡಿದ್ದವು. ಕೆಳಗಿನ ಹಳ್ಳದಲ್ಲಿ ಸೊಟ್ಟಗಾದ ಸೈಕಲ್ಲು. ಅದರಾಚೆ ನೀಲಿ ಅಂಗಿಯ ಪೇಪರಿನವನು ನರಳುತ್ತಿದ್ದ. ಕಾಲು ಇರಬಾರದ ಕಡೆಗೆ ತಿರುಗಿತ್ತು.

ಅವಳು ಆಂಬುಲೆನ್ಸಿಗೆ ಫೋನ್ ಮಾಡುವಷ್ಟರಲ್ಲಿ ಮಾವ ಹಳ್ಳಕ್ಕಿಳಿದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. "ಅಲ್ಲಾಡಬೇಡ ಕಣಪ್ಪ, ಈಗ ಬರ್ತಾರೆ. ಗುದ್ದಿದವನು ನಿಂತೂ ನೋಡ್ಲಿಲ್ವಾ? ಎಂಥಾ ಪಾಪಿ!" ಪೇಪರಿನವನು ಅವರ ಮುಖ ನೋಡಿದ, ಮೇಲೆ ನಿಂತ ಕಾರನ್ನು ನೋಡಿದ, ಅವರ ಕೈಯಿಂದ ತನ್ನ ಕೈ ಬಿಡಿಸಿಕೊಂಡ.

ಅವನು ಬದುಕಿದ, ಕಾಲು ಕೂಡಲು ತಿಂಗಳುಗಳೇ ಹಿಡಿದವು. ಅಂದು ಅವನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಬಂದ ಪೊಲೀಸಿನವರು ಕಾರನ್ನು ಸುತ್ತುಹಾಕಿ, "ಯಾರು ಓಡಿಸ್ತಿದ್ರು?" ಎಂದು ಕೇಳಿದರು. ಮಾವನೂ ಅವಳತ್ತ ತಿರುಗಿದರು, ಉತ್ತರ ತಮಗೂ ಬೇಕೆಂಬಂತೆ.

"ನಮ್ಮ ಮಾವ," ಎಂದಳು. "ಅವರಿಗೆ ಮರೆವು ಅಂತ ನನಗೆ ಮೊದಲೇ ಗೊತ್ತಿತ್ತು. ಆದ್ರೂ ಕಾರು ಮುಗಿಸಿಕೊಟ್ಟೆ."