ದೋಣಿಗೆ ಹೊಸ ಅಂಚು

"ಹಾಗಲ್ಲ, ಹಾಗಲ್ಲ! ಕೆಳಗಿಂದ ಮೀಟು. ಮೇಲಿಂದ ಮೀಟಿದ್ರೆ ಹಲಗೆನೇ ಸೀಳುತ್ತೆ."

ಅಂಬಿಗ ದಡದ ಮೇಲೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಅವನ ಬಲಗೈ ಬ್ಯಾಂಡೇಜಿನಲ್ಲಿತ್ತು. ಮರಳಿನ ಮೇಲೆ ಎಳೆದು ನಿಲ್ಲಿಸಿದ್ದ ದೋಣಿಯ ಪಕ್ಕ ಹೆಂಡತಿ ಮಂಡಿಯೂರಿ, ಅಂಚಿನುದ್ದಕ್ಕೂ ಹೊರಗೆ ಬಡಿದಿದ್ದ ಮರದ ಪಟ್ಟಿಯನ್ನು ಮೀಟಿ ತೆಗೆಯುತ್ತಿದ್ದಳು. ಜನ ಹತ್ತಿ ಇಳಿಯುವ ಧಕ್ಕೆಯ ಕಲ್ಲಿಗೆ ದೋಣಿ ತಾಗಿದಾಗೆಲ್ಲ ಏಟು ತಿನ್ನುವುದು ಆ ಪಟ್ಟಿಯ ಕೆಲಸ. ವರ್ಷಗಟ್ಟಲೆ ತಿಂದೂ ತಿಂದೂ ಅದು ನೆನೆದ ರಸ್ಕಿನಂತಾಗಿತ್ತು. ಪಟ್ಟಿ ಉದುರಿದ ಕಡೆ ಹಲಗೆ ಕಲ್ಲಿಗೆ ಉಜ್ಜದಿರಲಿ ಎಂದು ಅಂಬಿಗ ಕೈಯಿಂದಲೇ ತಳ್ಳಿ ದೋಣಿ ನಿಲ್ಲಿಸುತ್ತಿದ್ದ. ಹೋದ ತಿಂಗಳು ಹಾಗೆ ತಳ್ಳುವಾಗ ಹಿಂದಿನಿಂದ ಒಂದು ಅಲೆ ಬಂತು. ಕೈ ಕಲ್ಲಿಗೂ ದೋಣಿಗೂ ನಡುವೆ ಸಿಕ್ಕಿಕೊಂಡಿತು.

ಅಂದಿನಿಂದ ಆಚೆ ದಡದ ಜನ ಸುತ್ತು ಬಳಸಿ ಬಸ್ಸಿನಲ್ಲಿ ಹೋಗುತ್ತಿದ್ದರು. ಮೊದಮೊದಲು ಬೈದುಕೊಂಡರು. ಈಗ ಬಸ್ಸೇ ರೂಢಿಯಾಗಿ ಬೈಗುಳ ಕಮ್ಮಿಯಾಗಿತ್ತು. ಅಂಬಿಗನ ನಿದ್ದೆ ಕೆಡಿಸಿದ್ದು ಕೈನೋವಲ್ಲ, ಅದು.

ಬಡಗಿ ಬಂದು ನೋಡಿ ತಲೆ ಕೆರೆದುಕೊಂಡಿದ್ದ. "ಇಷ್ಟುದ್ದದ ಒಳ್ಳೆ ಮರ ತರಿಸಿ, ಬಗ್ಗಿಸಿ, ಕೂರಿಸೋ ಖರ್ಚಲ್ಲಿ ಇನ್ನೊಂದು ಹಳೇ ದೋಣಿನೇ ಬರುತ್ತೆ ಅಣ್ಣಾ."

"ಬರ್ಲಿ ಬಿಡು. ಹಾಕಿದ್ರೆ ಮರಾನೇ ಹಾಕ್ತೀನಿ, ಇಲ್ಲಾಂದ್ರೆ ಮಾರ್ತೀನಿ," ಎಂದಿದ್ದ ಅಂಬಿಗ.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ," ಎಂದು ಹೆಂಡತಿ ಹೊಲಿಗೆ ಮಿಷನ್ ಮುಚ್ಚಿಟ್ಟು ಗುಜರಿ ಅಂಗಡಿಗೆ ಹೊರಟಿದ್ದಳು. ಸಂಜೆ ಕೈಗಾಡಿಯಲ್ಲಿ ಬಂದದ್ದು ಜಲ್ಲಿ ಕ್ರಷರಿನ ಹಳೆಯ ರಬ್ಬರ್ ಬೆಲ್ಟು. ಹೆಬ್ಬೆರಳಿನಷ್ಟು ದಪ್ಪ, ಒಳಗೆ ಬಟ್ಟೆಯ ಪದರ.

"ಇದನ್ನ ಕಟ್ಕೊಂಡು ನನ್ನ ದೋಣಿ ನೀರಿಗಿಳೀಬೇಕಾ?"

"ದೋಣಿಗೇನೂ ನಾಚಿಕೆ ಇಲ್ಲ ರೀ. ನಿಮಗೇ ಇರೋದು."

ಕೊಳೆತ ಪಟ್ಟಿಯೆಲ್ಲ ಹೋದ ಮೇಲೆ ಅವಳು ಹಳೆಯ ಸ್ಕ್ರೂ ತೂತುಗಳಿಗೆ ಅಂಟು ಹಚ್ಚಿದ ಮರದ ಬೆಣೆ ಬಡಿದಳು. ಎರಡು ಕಡೆ ಒಳಗಿನ ಹಲಗೆಯೂ ಮೆತ್ತಗಾಗಿತ್ತು. ಅಷ್ಟನ್ನು ಮಾತ್ರ ಬಡಗಿ ಕತ್ತರಿಸಿ ತುಂಡು ಸೇರಿಸಿಕೊಟ್ಟ. ಬೋಲ್ಟಿನ ವಿಷಯದಲ್ಲಿ ಮಾತ್ರ ಅಂಬಿಗ ಹಠ ಹಿಡಿದ. ತುಕ್ಕು ಹಿಡಿಯದ್ದೇ ಬೇಕು, ಅಲ್ಲಿ ಜಿಪುಣತನ ಮಾಡಿದರೆ ವರ್ಷದೊಳಗೆ ಎಲ್ಲ ಕಳಚಿಬೀಳುತ್ತದೆ ಎಂದ. ಅವಳು ಒಪ್ಪಿದಳು.

ದೋಣಿಯ ಮುಂದಿನ ಮೂತಿಯ ತಿರುವಿನಲ್ಲಿ ಬೆಲ್ಟು ಬಗ್ಗಲಿಲ್ಲ. ಬಿಸಿಲಿಗಿಟ್ಟರೂ ಬಗ್ಗಲಿಲ್ಲ. ಅಂಬಿಗ ಒಳಗೊಳಗೇ ಖುಷಿಪಟ್ಟನೇನೋ. "ನಾನು ಹೇಳ್ಲಿಲ್ವಾ?" ಎಂದು ಎರಡು ಸಲ ಹೇಳಿದ. ಅವಳು ಬೆಲ್ಟಿನ ಬೆನ್ನಿಗೆ ಬಳಪದಿಂದ ಗೆರೆ ಎಳೆದು, ಅಲ್ಲಲ್ಲಿ ಚೂರಿಯಿಂದ ಕಚ್ಚು ಹಾಕಿದಳು. ಅಂಗಿ ಹೊಲಿಯುವಾಗ ಕಾಲರಿನ ಒಳಮಡಿಕೆಗೆ ಹಾಕುವ ಹಾಗೆ. ಬೆಲ್ಟು ಮೂತಿಯನ್ನು ತಬ್ಬಿಕೊಂಡು ಕೂತಿತು.

ಬೋಲ್ಟು ಬಿಗಿಯುವ ಹೊತ್ತಿಗೆ ಅವನ ಬ್ಯಾಂಡೇಜು ಬಿಚ್ಚಿಯಾಗಿತ್ತು. ಹೊರಗಿನಿಂದ ಅವಳು ತಿರುಗಿಸಬೇಕು, ಒಳಗೆ ಒಬ್ಬರು ಸ್ಪ್ಯಾನರಿನಲ್ಲಿ ನಟ್ಟು ಹಿಡಿಯಬೇಕು. ಅವನು ದೋಣಿಯೊಳಗೆ ಇಳಿದು ಕೂತ.

"ಎಡಗೈಯಲ್ಲಿ ಹಿಡ್ಕೊಳ್ರಿ."

"ಇದ್ರಲ್ಲೇ ಹಿಡೀತೀನಿ. ನೀನು ತಿರುಗಿಸು."

ಅವಳು ತಿರುಗಿಸಿದಳು. ಸ್ಪ್ಯಾನರ್ ತಳಕ್ಕೆ ಬಿದ್ದು ಠಣ್ ಎಂದಿತು. ಅವನು ಎತ್ತಿಕೊಂಡ. ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ ಅವನು ಎತ್ತಲಿಲ್ಲ.

ಅವಳು ಅಂಚಿನ ಮೇಲಿಂದ ಬಗ್ಗಿ ನೋಡಿದಳು. ಅವನು ಬೆರಳು ಮಡಚಲು ನೋಡುತ್ತಿದ್ದ. ನಡುವಿನ ಎರಡು ಬೆರಳು ಮಾತು ಕೇಳುತ್ತಿರಲಿಲ್ಲ.

"ಡಾಕ್ಟರು ಏನಂದ್ರು?"

"ಏನಂತಾರೆ. ಕೈ ಇನ್ನು ಇಷ್ಟೇ ಅಂದ್ರು."

"ಯಾವಾಗ ಅಂದ್ರು?"

ಅವನು ಆ ಕೈಯನ್ನು ಮಡಿಲಿಗೆ ಎಳೆದುಕೊಂಡ. ದೋಣಿ ನಡೆಸುವವನಿಗೆ ಒಂದು ಕೈ ಚುಕ್ಕಾಣಿಗೆ, ಇನ್ನೊಂದು ಹಗ್ಗಕ್ಕೆ ಬೇಕು. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಮುಖ ಒರೆಸಿಕೊಂಡು ಮತ್ತೆ ಹೊರಗಡೆ ಮಂಡಿಯೂರಿದಳು. ಒಳಗಿನಿಂದ ಅವನ ದನಿ ಬಂತು. "ಎಡಗೈಯಲ್ಲಿ ಹಿಡಿದಿದೀನಿ. ತಿರುಗಿಸು."

ಉಳಿದ ಬೋಲ್ಟುಗಳನ್ನು ಹಾಗೇ ಬಿಗಿದರು. ಕೊನೆಯದು ಮುಗಿದಾಗ ಅವಳೇ ಅಂದಳು: "ನಾನು ಓಡಿಸ್ತೀನಿ. ನೀವು ಹೇಳಿಕೊಡಿ."

"ನೀನಾ? ಈಜೋಕೆ ಬರುತ್ತಾ?"

"ನಿಮಗಿಂತ ಚೆನ್ನಾಗಿ ಬರುತ್ತೆ."

ಅದು ನಿಜವಾಗಿತ್ತು. ಅವನು ನಗಲು ಹೋಗಿ, ನಗಲಾರದೆ ಎದ್ದು, ದೋಣಿಯಿಂದಿಳಿದು ನೀರಿನ ತನಕ ನಡೆದು ಬಂದ. ಆಮೇಲೆ ಬೆನ್ನು ತಿರುಗಿಸಿಕೊಂಡೇ ಹೇಳಿದ: "ಧಕ್ಕೆ ದೂರ ಇರುವಾಗ್ಲೇ ಎಂಜಿನ್ ವೇಗ ಇಳಿಸ್ಬೇಕು. ಹತ್ರ ಬಂತು ಅಂತ ಅನ್ನಿಸಿದ್ರೆ ತಡ ಆಯ್ತು ಅಂತ ಅರ್ಥ."

ಅವಳಿಗೆ ಮೊದಲ ದಿನ ತಡವೇ ಆಯಿತು. ದೋಣಿ ಕಲ್ಲಿಗೆ ಧಡ್ಡೆಂದು ಗುದ್ದಿ, ರಬ್ಬರಿನ ಮೇಲೆ ಪುಟಿದು ಹಿಂದೆ ಸರಿಯಿತು. ಧಕ್ಕೆಯಲ್ಲಿ ಕಾಯುತ್ತಿದ್ದ ನಾಲ್ಕೈದು ಜನ ಗಾಬರಿಯಾದರು. ಅಂಬಿಗ ಬಗ್ಗಿ ಹಲಗೆ ನೋಡಿದ. ಒಂದು ಗೀರೂ ಇರಲಿಲ್ಲ. "ಹತ್ತಿ, ಹತ್ತಿ. ದೋಣಿಗೆ ಏನೂ ಆಗಿಲ್ಲ," ಎಂದ.

ಒಬ್ಬ ಮುದುಕಿ ಹತ್ತುತ್ತಾ, "ಮೆತ್ತಗೆ ನಡೆಸವ್ವಾ, ನನಗೆ ರಬ್ಬರ್ ಪಟ್ಟಿ ಇಲ್ಲ," ಎಂದಳು.

ಎಲ್ಲರೂ ಕೂತ ಮೇಲೆ ಅವನಿಗೂ ಜಾಗ ಬೇಕಾಯಿತು. ಅಷ್ಟು ವರ್ಷದಲ್ಲಿ ಅವನು ಆ ದೋಣಿಯಲ್ಲಿ ನಡುವಿನ ಹಲಗೆಯ ಮೇಲೆ ಕೂತವನಲ್ಲ. ಮುದುಕಿ ಚೀಲ ಸರಿಸಿದಳು. ಅವನು ಹಿಂದುಮುಂದಾಗಿ, ಹೆಂಡತಿಯತ್ತ ಮುಖ ಮಾಡಿ ಕೂತ. ಕಾಲು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಚಾಚಿದ, ಒಮ್ಮೆ ಮಡಚಿದ. ಏನೋ ಹೇಳಲು ಬಾಯಿ ತೆರೆದ. ಎಂಜಿನ್ನಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಅವಳು ಅವನ ತಲೆಯ ಮೇಲಿಂದ, ಆಚೆ ದಡವನ್ನೇ ನೋಡುತ್ತಿದ್ದಳು.